ಸವಳು ನೆಲಕ್ಕೆ ಬಂದ ಪುಷ್ಪಕ

ಟ್ಯಾಂಕಿನ ಕೆಳಗಿನ ಪುಟ್ಟ ನಲ್ಲಿಯನ್ನು ತಿರುಗಿಸಿ, ಪಂಪಾವತಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದಳು. ಬೆಳಕಿಗೆ ಎತ್ತಿ ನೋಡಿದಳು. ತಳದಲ್ಲಿ ನೀರಿನ ಹನಿ ಕೂತಿತ್ತು. ಅದನ್ನು ಚೆಲ್ಲಿ ಮತ್ತೆ ಬಾಟಲಿ ಒಡ್ಡಿದಳು. ಹಾರುವ ಮೊದಲು ಪ್ರತಿ ಮುಂಜಾನೆ ಮಾಡುವ ಕೆಲಸವಿದು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರ ಹಾಗೆ, ಅವಳ ಕಣ್ಣು ಅದರಲ್ಲೇ ನೆಟ್ಟಿರುತ್ತಿತ್ತು.

ಆಗಲೇ ರೆಕ್ಕೆಯ ಆಚೆ ತುದಿಯಿಂದ ಆ ದನಿ ಕೇಳಿಸಿತು.

"ಹೂಂ ಲೇ, ಮೂವತ್ತಾರು ಅಡಿ. ಈಗ ಮತ್ತೊಮ್ಮೆ ಅಳದೆ. ಇವತ್ತೇ ತರ್ತೀವಿ... ಏ, ಮೇಡಂಗ ಗೊತ್ತಿಲ್ಲ. ಬಾಯಿ ಮುಚ್ಕೊಂಡಿರು!"

ಮಾರುತೇಶ್! ಭುಜಕ್ಕೂ ಕಿವಿಗೂ ನಡುವೆ ಫೋನು ಸಿಗಿಸಿಕೊಂಡು, ಟೇಪು ಹಿಡಿದು ವಿಮಾನದ ರೆಕ್ಕೆ ಅಳೆಯುತ್ತಿದ್ದ.

ಪಂಪಾವತಿಯ ಕೈ ಅಲ್ಲೇ ನಿಂತಿತು. ತುಂಬಿ ಹೊರಚೆಲ್ಲಿದ ಪೆಟ್ರೋಲು ಬೆರಳ ಮೇಲೆ ಹರಿದು ತಣ್ಣಗೆ ಆರಿಹೋಯಿತು.

'ಇವನೂನಾ?... ಇವನೂ ನಮ್ಮಣ್ಣನ ಕಡೆಯವನೇನಾ?'

ನಿನ್ನೆ ಸಂಜೆ ತೋರಣಗಲ್ಲಿನ ಈ ರನ್‌ವೇಗೆ ಇಳಿದ ಸ್ವಲ್ಪ ಹೊತ್ತಿಗೇ ಅಣ್ಣ ಕಿರಣ್ ಕುಮಾರ್ ಹೊಸಪೇಟೆಯಿಂದ ಫೋನು ಮಾಡಿದ್ದ.

"ಕಮಲಾಪುರ ರೋಡಿನಾಗ ಹೊನ್ನೂರುಸ್ವಾಮಿ ಹೊಸಾ ಹೋಟೆಲ್ ಕಟ್ಟ್ಯಾನ. ನಿನ್ನ ವಿಮಾನ ಅದರ ಮಾಳಿಗಿ ಮ್ಯಾಲೆ ಕೂಡ್ರಿಸ್ತಾನಂತ. ಹಂಪಿಗೆ ಬರೋ ಮಂದಿಯೆಲ್ಲ ಪುಷ್ಪಕ ವಿಮಾನ ಅಂತ ಸೆಲ್ಫಿ ತಕ್ಕೊಂತಾರ. ಮಸ್ತ್ ಐಡಿಯಾ! ನಾ ಮಾತು ಕೊಟ್ಟೀನಿ. ನಾಳೆ ಹೋಟೆಲ್ ಬಾಜೂಕಿನ ಮೈದಾನದಾಗ ಇಳಿ."

"ನನ್ನ ಕೇಳಿದ್ಯೇನಣ್ಣ?"

"ನಿನ್ನೇನು ಕೇಳೋದು? ಗಂಡನ್ನ ಬಿಟ್ಟು ಬಂದಿ, ಸುಮ್ಮನಿದ್ವಿ. ಗುಜರಿಗೆ ಹೊಂಟಿದ್ದ ವಿಮಾನ ಕೊಂಡಿ, ಅದಕ್ಕೂ ಸುಮ್ಮನಿದ್ವಿ. ಮೂವತ್ತೆಂಟು ತುಂಬ್ತು. ಇನ್ನೆಷ್ಟು ದಿನ ಹಾರಾಡ್ತಿ? ಒಂದಿನ ನೆಲಕ್ಕ ಇಳೀಬೇಕಲ್ಲ!"

ಅರವತ್ತು ವರ್ಷದ ಹಳೆಯ ವಿಮಾನ ಅದು. ಎರಡೇ ಸೀಟು. 'ಪುಷ್ಪಕ' ಎಂಬುದು ಅದರ ತಯಾರಕರೇ ಇಟ್ಟ ಹೆಸರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಪಂಪಾವತಿ ಹಾರಲು ಕಲಿತದ್ದು ಅದರಲ್ಲೇ. ಮೈಸೂರು ಕಡೆಯ ಫ್ಲೈಯಿಂಗ್ ಕ್ಲಬ್ಬು ಅದನ್ನು ಗುಜರಿಗೆ ಹಾಕಲು ಹೊರಟಾಗ ಅವಳು ಕೊಂಡುಕೊಂಡಳು. ಊರಿಗೆ ಹಾರಿಸಿಕೊಂಡೇ ಬರುತ್ತೇನೆ ಎಂದು ಹಟ ಹಿಡಿದಳು. ಅದರ ಟ್ಯಾಂಕು ಚಿಕ್ಕದು. ರೇಡಿಯೋ ಕೆಲಸಕ್ಕಿಂತ ಗೊರಗೊರ ಸದ್ದನ್ನೇ ಹೆಚ್ಚು ಮಾಡುತ್ತದೆ. ಹಾಗಾಗಿ ಮೇಲೆ ಅವಳು, ಕೆಳಗೆ ರಸ್ತೆಯಲ್ಲಿ ಒಂದು ಜೀಪು. ಜೀಪಿನಲ್ಲಿ ಪೆಟ್ರೋಲಿನ ಕ್ಯಾನು, ಹಗ್ಗ, ನಟ್ಟು ಬಿಗಿಯುವ ಪಾನ, ರೊಟ್ಟಿಯ ಗಂಟು, ಸೋದರತ್ತೆ ರೇಣುಕಮ್ಮ, ಜೊತೆಗೆ ಮೆಕ್ಯಾನಿಕ್ ಮಾರುತೇಶ್. ಮೇಲಿನಿಂದ ಗುರುತು ಸಿಗಲೆಂದು ರೇಣುಕಮ್ಮನ ಹಳದಿ ಸೀರೆಯನ್ನು ಜೀಪಿನ ನೆತ್ತಿಗೆ ಬಿಗಿದಿದ್ದರು.

ಮಾರುತೇಶ್ ಕಂಪ್ಲಿಯವನು. ಮೊದಲ ಭೇಟಿಯಲ್ಲೇ ಅವಳ ಮೇಲೆ ರೇಗಿದ್ದ. ಕ್ಲಬ್ಬಿನ ಶೆಡ್ಡಿನಲ್ಲಿ ಅವಳು ಎಂಜಿನ್ ಮುಟ್ಟಲು ಹೋದಾಗ, "ಏ, ಕೈ ತೆಗೀರಿ! ಈಗಷ್ಟ ಜೋಡ್ಸೀನಿ!" ಎಂದು ಕೂಗಿದ್ದ.

"ನನ್ನ ವಿಮಾನ ಮುಟ್ಟಾಕ ನಿಮ್ಮ ಪರ್ಮಿಷನ್ ಬೇಕೇನ್ರಿ?"

"ವಿಮಾನ ನಿಮ್ದು. ಕೆಟ್ಟರ ಬೈಸ್ಕೊಳ್ಳೋನು ನಾನು!"

ಎಷ್ಟೋ ತಿಂಗಳ ಮೇಲೆ ಅವಳು ಅಂದು ನಕ್ಕಿದ್ದಳು. ಆಮೇಲೆ ದಾರಿಯುದ್ದಕ್ಕೂ, ಇಳಿದಲ್ಲೆಲ್ಲ ಎಲ್ಲರಿಗಿಂತ ಮೊದಲು ರೆಕ್ಕೆ ಹಿಡಿದು ನಿಲ್ಲುವವನು ಅವನೇ. ನಿನ್ನೆ ಅಣ್ಣನ ಫೋನಿಟ್ಟ ಮೇಲೆ ಅವಳಿಗೆ ಅನ್ನಿಸಿದ್ದೂ ಒಂದೇ. ಮುಂಜಾನೆ ಇವನಿಗೆ ಹೇಳಬೇಕು, ನೀವಾದರೂ ನನ್ನ ಕಡೆ ಇರಿ ಅಂತ...

ಆದರೆ ಈಗ? ಮಾಳಿಗೆಗೆ ಏರಿಸಲು ರೆಕ್ಕೆ ಬಿಚ್ಚಬೇಕು. ಬಿಚ್ಚುವ ಮೊದಲು ಅಳೆಯಬೇಕು. ಇನ್ನೇನು ಹೇಳುವುದು ಉಳಿದಿದೆ?

ಮಾರುತೇಶ್ ಎರಡು ಲೋಟ ಚಹಾ ಹಿಡಿದು ಬಂದ. ಮುಖದಲ್ಲಿ ಎಂದೂ ಇಲ್ಲದ ಸಂಭ್ರಮ.

"ಮೇಡಂ, ನಿಮಗೊಂದು ಮಾತು ಹೇಳೋದೈತಿ."

ಪಂಪಾವತಿ ಲೋಟ ಇಸಿದುಕೊಂಡು ಚಹಾವನ್ನು ನೆಲಕ್ಕೆ ಸುರಿದಳು.

"ಬ್ಯಾಡ್ರಿ. ಎಲ್ಲಾ ಕೇಳಿಸ್ಕೊಂಡೀನಿ. ಇನ್ನ ಮ್ಯಾಲೆ ನನ್ನ ವಿಮಾನ ಮುಟ್ಟಬ್ಯಾಡ್ರಿ ನೀವು."

ಅವನು ತಬ್ಬಿಬ್ಬಾದ. "ಅಲ್ರೀ, ಏನಾತು..."

"ಮೂವತ್ತಾರು ಅಡಿ! ನನಗ ಗೊತ್ತಾಗಬಾರದು, ಅಲ್ಲೇನು? ನಮ್ಮಣ್ಣಗ ಹೇಳ್ರಿ, ನನ್ನ ಬಿಚ್ಚಿ ಮಾಳಿಗಿ ಮ್ಯಾಲೆ ಇಡಾಕ ಯಾರಿಂದಲೂ ಆಗಂಗಿಲ್ಲ!"

'ವಿಮಾನ' ಎನ್ನುವಲ್ಲಿ 'ನನ್ನ' ಎಂದುಬಿಟ್ಟೆನಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ಆದರೆ ತಿದ್ದಲಿಲ್ಲ.

ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡಳು. ಆಗ ನೆನಪಾಯಿತು... ಈ ಎಂಜಿನ್ನಿಗೆ ಸ್ಟಾರ್ಟರ್ ಇಲ್ಲ. ಯಾರಾದರೂ ಎದುರಿಗೆ ನಿಂತು ಮೂಗಿನ ಫ್ಯಾನನ್ನು ಕೈಯಿಂದ ತಿರುಗಿಸಲೇಬೇಕು!

ಮಾರುತೇಶ್ ಚಹಾದ ಲೋಟ ಕೆಳಗಿಟ್ಟು ಬಂದು ಎದುರಿಗೆ ನಿಂತ.

"ಸ್ವಿಚ್ ಆಫ್ ಐತೇನ್ರಿ?"

ಅವಳು ಹಲ್ಲು ಕಚ್ಚಿ, "ಆಫ್," ಎಂದಳು.

ಅವನು ಫ್ಯಾನಿಗೆ ಕೈಯಿಟ್ಟು ಎರಡು ಸುತ್ತು ತಿರುವಿದ. ಒಳಗಿರುವವಳು ಸುಳ್ಳು ಹೇಳಿದ್ದರೆ ಆ ಕೈ ಉಳಿಯುವುದಿಲ್ಲ. ಕೋಪದಿಂದ ಉರಿಯುತ್ತಿದ್ದ ಹೆಣ್ಣಿನ ಒಂದೇ ಒಂದು ಮಾತು ನಂಬಿ, ಅವನು ತನ್ನ ಎರಡೂ ಕೈಗಳನ್ನು ಅಲ್ಲಿಟ್ಟಿದ್ದ! 'ಇಷ್ಟು ನಂಬೋ ಮನುಷ್ಯ ಹಂಗ್ಯಾಕ ಮಾಡಿದ?'

"ಕಾಂಟ್ಯಾಕ್ಟ್!" ಅವನು ಕೂಗಿದ. ಅವಳು ಸ್ವಿಚ್ ಆನ್ ಮಾಡಿದಳು, ಅವನು ಫ್ಯಾನನ್ನು ಜಗ್ಗಿ ತಿರುವಿ ಹಿಂದಕ್ಕೆ ಸರಿದ. ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಗರ್ಜಿಸಿತು. ಅವನು ಕಿಟಕಿಯ ಪಕ್ಕಕ್ಕೆ ಓಡಿ ಬಂದು ಕೈ ಬೀಸುತ್ತಾ ಏನೋ ಹೇಳಿದ. ಬಾಯಿ ಆಡುವುದಷ್ಟೇ ಕಂಡಿತು.

ಅವಳು ಕಿಟಕಿ ಮುಚ್ಚಿದಳು.

ಬೇಕೆಂದೇ ಸುತ್ತುದಾರಿ ಹಿಡಿದಳು. ಇದೇ ಕೊನೆಯ ಹಾರಾಟವಾದರೆ ಎಲ್ಲವನ್ನೂ ನೋಡಿಯೇ ಬಿಡೋಣ! ಉಕ್ಕಿನ ಕಾರ್ಖಾನೆಯ ಚಿಮಣಿಗಳು ಹಿಂದಕ್ಕೆ ಸರಿದವು. ಸಂಡೂರಿನ ಗುಡ್ಡಗಳ ಸಂದಿಯಲ್ಲಿ ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಏಳುತ್ತಿತ್ತು. ಅದು ವಾಲಿದ ದಿಕ್ಕು ನೋಡಿ ಗಾಳಿಯನ್ನು ಲೆಕ್ಕ ಹಾಕಿದಳು. ಹೊಸಪೇಟೆಯ ಡ್ಯಾಮಿನ ನೀರು ಹಿತ್ತಾಳೆಯ ತಟ್ಟೆಯಂತೆ ಹೊಳೆಯಿತು. ಹಂಪಿಯ ಬಂಡೆಗಳ ನಡುವೆ ಹೊಳೆ ಬಳುಕಿಕೊಂಡು ಹೋಗಿತ್ತು. ಕಣ್ಣು ಮಂಜಾದಾಗಲೆಲ್ಲ ಮುಂಗೈಯಿಂದ ಒರೆಸಿಕೊಂಡಳು. ಪೈಲಟ್ಟಿಗೆ ಅಳಲು ಪುರುಸೊತ್ತು ಎಲ್ಲಿ?

ಕಮಲಾಪುರದ ಬಾಳೆ ತೋಟ ದಾಟಿದ ಕೂಡಲೇ ಹೋಟೆಲು ಕಂಡಿತು. ಪಕ್ಕದ ಮೈದಾನದಲ್ಲಿ ಶಾಮಿಯಾನ, ಬ್ಯಾಂಡಿನವರು, ಹಾರ ಹಿಡಿದ ಹೊನ್ನೂರುಸ್ವಾಮಿ. ಬಿಳಿ ಅಂಗಿಯ ಅಣ್ಣ ಎರಡೂ ಕೈ ಬೀಸುತ್ತಿದ್ದ. ಹಿಂದೆಯೇ ಕೊಕ್ಕು ಚಾಚಿ ನಿಂತ ಕ್ರೇನು!

ಇಳಿದರೆ ಮುಗಿಯಿತು. ಹಾರ ಕೊರಳಿಗೆ ಬೀಳುತ್ತದೆ, ಹಿರಿಯರೆದುರು 'ಇಲ್ಲ' ಎನ್ನಲು ಬಾಯಿ ಬರುವುದಿಲ್ಲ. ಮದುವೆಯ ಹಂದರದಲ್ಲಿ ಒಮ್ಮೆ ಹಾಗೆಯೇ ಆಗಿತ್ತು.

'ಇನ್ನೊಮ್ಮೆ ಆಗಂಗಿಲ್ಲ!'

ಅಣ್ಣನ ತಲೆಯ ಮೇಲೆ ತೀರಾ ತಗ್ಗಿನಲ್ಲಿ ಹಾದು, ರೆಕ್ಕೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ ಮೇಲೇರಿಬಿಟ್ಟಳು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿ ಬಾಯಿ ತೆರೆದು ನೋಡಿದರು.

ಆದರೆ ಜೀಪೆಲ್ಲಿ? ಹೋಟೆಲಿನ ಹತ್ತಿರ ಇರಲಿಲ್ಲ!

ದೂರದಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಕಂಪ್ಲಿ ರಸ್ತೆಯಲ್ಲಿ ಹಳದಿ ಚುಕ್ಕೆಯೊಂದು ಓಡುತ್ತಿತ್ತು. ಹತ್ತಿರಕ್ಕೆ ಹೋಗಿ ತಗ್ಗಿದರೆ, ಕಿಟಕಿಯಿಂದ ಒಂದು ಕೈ ಬಾ ಬಾ ಎಂದು ಕರೆಯುತ್ತಿತ್ತು. ಬಳೆ ತುಂಬಿದ ಕೈ. ರೇಣುಕತ್ತೆ!

ಪಂಪಾವತಿ ಹಿಂಬಾಲಿಸಿದಳು.

ಭತ್ತದ ಗದ್ದೆಗಳು ಮುಗಿದಲ್ಲಿ ಬೆಳ್ಳಗಿನ ನೆಲವೊಂದು ಚಾಚಿಕೊಂಡಿತ್ತು. ಕಾಲುವೆ ನೀರು ನಿಂತು ನಿಂತು ಉಪ್ಪೇರಿ, ಸವಳು ಹತ್ತಿದ ಭೂಮಿ. ಹುಲ್ಲೂ ಹುಟ್ಟದೆ, ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಅದರ ನಡುವೆ ಸುಣ್ಣದ ಗೆರೆ ಎಳೆದ ಉದ್ದನೆಯ ಪಟ್ಟಿ. ತುದಿಯಲ್ಲಿ ಹೊಸ ತಗಡಿನ ಶೆಡ್ಡು. ಜೀಪಿನಿಂದ ಹಾರಿಳಿದ ಮಾರುತೇಶ್ ಹುಲ್ಲಿನ ಸೂಡಿಗೆ ಬೆಂಕಿ ಹಚ್ಚಿ, ಗಾಳಿಯ ದಿಕ್ಕು ಕಾಣಲೆಂದು ಹೊಗೆ ಎಬ್ಬಿಸಿದ.

ಅವಳು ಒಂದು ಸುತ್ತು ಬಂದು ಇಳಿದಳು. ಗಾಲಿ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಎಂಜಿನ್ ನಿಂತ ಮೇಲೂ ಅವಳ ಕಿವಿ ಗುಂಯ್ ಎನ್ನುತ್ತಿತ್ತು. ಇಳಿದು ನೇರ ಅವನೆದುರು ಹೋಗಿ ನಿಂತಳು.

"ಏನಿದು?"

"ನಮ್ಮ ಹೊಲ ರೀ. ಭತ್ತ ಬಿಟ್ಟು ಇಪ್ಪತ್ತು ವರ್ಷ ಆತು. ಏನೂ ಬೆಳಿಯಂಗಿಲ್ಲ. ಇಲ್ಲಿ ಇಳಿಯಾಕ ಪರ್ಮಿಷನ್ ತಗಂಡೀನಿ. ಅದು... ಶೆಡ್ಡು."

"ಶೆಡ್ಡು ಕಾಣ್ತೈತಿ. ಯಾಕ ಅಂತ ಕೇಳಿದೆ."

ಮಾರುತೇಶ್ ತಲೆ ಕೆರೆದುಕೊಂಡ. "ಇವತ್ತು ಬಾಗಿಲಿನ ಕಂಬ ನಿಲ್ಲಿಸೋದಿತ್ತು. ನಮ್ಮ ಉಚ್ಚೆಂಗೆಪ್ಪ, ವೆಲ್ಡಿಂಗ್ ಮಾಡೋನು, ಅಳತಿ ಕೇಳಾಕ ಫೋನ್ ಮಾಡಿದ್ದ. ಅಡಿ ಕಮ್ಮಿ ಬಿದ್ರ ರೆಕ್ಕಿ ಬಿಚ್ಚಬೇಕಾಕ್ಕೈತಲ್ರಿ? ಅದಕ್ಕ ನಲವತ್ತಡಿ ಬಿಡು ಅಂದೆ. ರೆಕ್ಕಿ ಬಿಚ್ಚದ ಒಳಗ ಹೋಗಬೇಕು, ಹಂಗ ಹೊರಗ ಬರಬೇಕು... ನೀವು."

'ನೀವು' ಎಂದದ್ದನ್ನು ಅವನೂ ತಿದ್ದಲಿಲ್ಲ.

ಪಂಪಾವತಿ ಶೆಡ್ಡಿನ ಕಡೆ ತಿರುಗಿ ನೋಡಿದಳು. "ಮೊದಲ ಹೇಳಾಕ ಏನಾಗಿತ್ತು?"

"ಅರ್ಧ ಕಟ್ಟಿದ್ದು ತೋರ್ಸಿ ಆಸೆ ಹಚ್ಚಬಾರ್ದು ಅಂತ. ನಿಮಗ ಹಂಗ ಭಾಳ ಮಂದಿ ಮಾಡ್ಯಾರ. ನಿನ್ನೆ ಸಂಜಿಗೆ ತಗಡು ಹೊದಿಸಿದ್ರು. ಮುಂಜಾನೆ ಹೇಳೋಣ ಅಂದ್ರ ಚಾ ನೆಲಕ್ಕ ಹೊಯ್ದ್ರಿ."

"ನನಗೂ ಜೀಪ್ ಹತ್ತಿದ ಮ್ಯಾಲೇ ಹೇಳಿದ ಕಳ್ಳ!" ರೇಣುಕಮ್ಮ ಸೆರಗಿನಿಂದ ಹೊಗೆ ಬೀಸಿಕೊಳ್ಳುತ್ತಾ ಬಂದಳು. "ಪಂಪಾ, ಇವನ ಡ್ರೈವಿಂಗ್ ಒಂದು ಕೇಳು. ದಾರಿ ತುಂಬಾ ಮುಗಿಲ ನೋಡ್ಕೊಂತ ಹೊಡ್ದಾನ. ಎರಡು ಸಲ ಎಮ್ಮಿಗೆ ಗುದ್ದಸ್ತಿದ್ದ! 'ರೋಡ್ ನೋಡೋ ಮಾರಾಯ' ಅಂದ್ರ, 'ಅತ್ತಿ, ಅವ್ರು ಸುಮ್ಮಕ ಇಳೀಲಿ, ಆಮ್ಯಾಲೆ ನೋಡ್ತೀನಿ' ಅಂತಾನ."

ಮಾರುತೇಶ್‌ನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಣ್ಣ!

"ಮರ್ಯಾದಿ ಕಳದ್ಯಲ್ಲೇ! ಎಲ್ಲಿ ಸತ್ತಿ? ಹೊನ್ನೂರುಸ್ವಾಮಿಗೆ ಏನು ಹೇಳ್ಲಿ?"

"ನೆಲಕ್ಕ ಇಳಿ ಅಂದ್ಯಲ್ಲಣ್ಣ, ಇಳಿದೀನಿ. ಮಾಳಿಗಿ ನೆಲ ಅಲ್ಲ. ಅಷ್ಟು ಬೇಕಂದ್ರ ನಿನ್ನ ಹೊಸಾ ಕಾರು ಐತಲ್ಲ, ಅದನ್ನ ಕ್ರೇನಿಗೆ ಕಟ್ಟಿ ಎತ್ತಸು. ಸೆಲ್ಫಿ ಅದಕ್ಕೂ ಬರ್ತೈತಿ!"

ಫೋನಿಟ್ಟಳು. ರೇಣುಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ, ರೊಟ್ಟಿಯ ಗಂಟು ಬಿಚ್ಚುವ ನೆಪದಲ್ಲಿ ಜೀಪಿನ ಆಚೆಗೆ ಹೋದಳು.

ಇಬ್ಬರೂ ರೆಕ್ಕೆಗೆ ಹಗ್ಗ ಬಿಗಿಯತೊಡಗಿದರು.

"ನಿಮ್ಮ ಮ್ಯಾಲೆ ರೇಗಿದೆ. ತಪ್ಪಾತು."

"ಬಿಡ್ರಿ. ಅಷ್ಟು ಸಿಟ್ಟಿನಾಗೂ ಸ್ವಿಚ್ ಮಾತ್ರ ಆಫ್ ಇಟ್ಟಿದ್ರಿ."

ಅವಳು ನಕ್ಕಳು. ನಗುವಿನಲ್ಲೇ ಕಣ್ಣು ತುಂಬಿತು. ಈ ಸಲ ಒರೆಸಿಕೊಳ್ಳಲಿಲ್ಲ.

ಅವನು ಗಂಟು ನೋಡುತ್ತಲೇ ಹೇಳಿದ. "ನಂಗ ಚಂದ ಮಾತಾಡಾಕ ಬರಂಗಿಲ್ಲ. ಅತ್ತಿ ಹೇಳಿದ್ದು ಖರೆ. ನೀವು ಮ್ಯಾಲೆ ಇದ್ದಾಗ ನನ್ನ ಜೀವ ಕೆಳಗ ಇರಂಗಿಲ್ಲ. ನೀವಂದ್ರ ನಂಗ ಭಾಳ ಇಷ್ಟ ರೀ, ಪಂಪಾವತಿ. ಇದಕ್ಕ ಉತ್ರ ಈಗ ಬ್ಯಾಡ. ಶೆಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ನೀವು ಇಲ್ಲ ಅಂದ್ರೂ ಶೆಡ್ಡು ನಿಮ್ದ."

ಮೊದಲ ಸಲ ಅವನು ಅವಳ ಹೆಸರು ಹಿಡಿದಿದ್ದ. ಅವಳು ಹಿಡಿದ ಗಂಟನ್ನು ಬಿಗಿದು ಮುಗಿಸಿ ತಲೆಯೆತ್ತಿದಳು.

"ನಾಳೆ ಮುಂಜಾನಿ ನನ್ನ ಪಕ್ಕ ಕುಂದರ್ತೀರಾ?"

"ನಾನಾ? ಮ್ಯಾಲಾ?" ಅವನ ಮುಖ ಬಿಳಿಚಿತು. "ಎರಡನೇ ಮಾಳಿಗಿ ಹತ್ತಿದ್ರ ನಂಗ ತಲಿ ತಿರಗ್ತೈತ್ರಿ!"

"ಅಯ್ಯ! ಇಷ್ಟು ವರ್ಷ ವಿಮಾನ ರಿಪೇರಿ ಮಾಡೀರಿ!"

"ಕೆಳಗ ನಿಂತು ಮಾಡೀನಿ."

"ಹಂಗಾರ ಕಣ್ಣು ಮುಚ್ಕೊಂಡು ಕುಂದ್ರಿ."

ಅವನು ಯೋಚಿಸಿದ. "ಇಲ್ಲ. ತೆರಕೊಂಡ ಕುಂದರ್ತೀನಿ. ಕೆಳಗ ನೋಡಂಗಿಲ್ಲ ಅಷ್ಟ. ನಿಮ್ಮ ಮಾರಿ ನೋಡ್ಕೊಂತ ಇರ್ತೀನಿ."

ಪಂಪಾವತಿ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು ಹಂಪಿಯ ದಿಕ್ಕಿಗೆ ತಿರುಗಿದಳು. ಹೊಳೆ ಬಂಡೆಗಳ ನಡುವೆ ಬಳುಕುವ ಆ ಜಾಗದ ಮೇಲೆ ನಾಳೆ ಬಿಸಿಲು ಚುರುಕಾಗುವ ಮೊದಲೇ ಹೋಗಿರಬೇಕು. ಅಣ್ಣನಿಲ್ಲ, ಹಿರಿಯರಿಲ್ಲ, ಹಾರ ಹಿಡಿದವರಿಲ್ಲ. ಎರಡೇ ಸೀಟು. ಅಲ್ಲಿ ಅವನಿಗೆ ಉತ್ತರ ಹೇಳಬೇಕು, ಎಂಜಿನ್ನಿನ ಸದ್ದಿಗಿಂತ ಜೋರಾಗಿ, ಒಂದೇ ಮಾತು.

"ಏನೇ, ಒಬ್ಬಾಕಿನ ನಗಾಕತ್ತಿ?" ಜೀಪಿನ ಆಚೆಯಿಂದ ರೇಣುಕಮ್ಮ ಕೂಗಿದಳು.

"ಏನಿಲ್ಲತ್ತಿ. ನಾಳೆ ಗಾಳಿ ಹೆಂಗಿರ್ತೈತಿ ಅಂತ ನೋಡಾಕತ್ತೀನಿ."