ಬಿಳಿ ರಾಜನಿಲ್ಲದ ಸಭೆ

ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ರಾಜ ಇರಲಿಲ್ಲ.

ಮಂತ್ರಿ ಇದ್ದ, ಆನೆಗಳಿದ್ದವು, ಕಾಲಾಳುಗಳು ಎಂದಿನಂತೆ ಎದುರು ಸಾಲನ್ನು ದುರುಗುಟ್ಟಿಕೊಂಡು ನಿಂತಿದ್ದವು. ರಾಜನ ಮನೆ ಮಾತ್ರ ಖಾಲಿ. ಹೊರಗೆ ವರಾಂಡದಲ್ಲಿ ರಾಷ್ಟ್ರೀಯ ಚದುರಂಗ ಒಕ್ಕೂಟದ ಪ್ರತಿನಿಧಿಗಳು ಆಗಲೇ ಎರಡು ಬಣವಾಗಿ, ಬೇರೆ ಬೇರೆ ಫ್ಲಾಸ್ಕುಗಳಿಂದ ಕಾಫಿ ಕುಡಿಯುತ್ತಿದ್ದರು.

"ಬಾಗಿಲು ಹಾಕು," ಎಂದಳು ಅತ್ತೆ.

ನನ್ನ ಸೋದರತ್ತೆ ನಿವೃತ್ತ ಮುಖ್ಯ ತೀರ್ಪುಗಾರ್ತಿ. ಪಂದ್ಯದ ಹಾಲ್‌ನಲ್ಲಿ ಪಿಸುಗುಟ್ಟಿದವರಿಗೆಲ್ಲ 'ಶ್ಶ್' ಎನ್ನುತ್ತಿದ್ದುದರಿಂದ ದೇಶಪೂರ್ತಿ ಆಕೆಗೆ 'ಶ್ಶ್ ಅಮ್ಮ' ಎಂಬ ಹೆಸರು. ಇವತ್ತಿನ ಚುನಾವಣಾಧಿಕಾರಿ ಆಕೆಯೇ. ಒಕ್ಕೂಟದ ಪತ್ರಿಕೆಗೆ ವರದಿ ಬರೆಯುವ ನಾನು ಆಕೆಯ ಬಾಲ.

"ಬೇರೆ ಯಾವುದಾದ್ರೂ ರಾಜನನ್ನ ತಂದಿಟ್ರೆ ಆಗಲ್ವಾ ಅತ್ತೆ?"

"ಆಗುತ್ತೆ. ನಾಳೆ ಸೋತವರು ಕೋರ್ಟಿಗೂ ಹೋಗ್ತಾರೆ."

ಒಕ್ಕೂಟ ಕಟ್ಟಿದ ಮೇಷ್ಟ್ರು ನಿಯಮಾವಳಿಯಲ್ಲಿ ಹಾಗೇ ಬರೆಸಿದ್ದರು: ತಮ್ಮ ಮಣೆಯ ಬಿಳಿ ರಾಜ ಮೇಜಿನ ಮೇಲೆ ನಿಂತಿದ್ದರೆ ಅದು ಸಭೆ, ಇಲ್ಲದಿದ್ದರೆ ಹರಟೆ. ಆಗ ಎಲ್ಲರೂ ನಕ್ಕಿದ್ದರಂತೆ. ಈಗ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಸಭೆಯ ಮುಂದೆ ಎರಡು ವಿಷಯಗಳಿದ್ದವು. ಅಧ್ಯಕ್ಷರ ಚುನಾವಣೆ ಎರಡನೆಯದು. ಮೊದಲನೆಯದು ಮಹಿಳಾ ತಂಡದ ಕೋಚ್‌ಗೆ ಆಜೀವ ನಿಷೇಧ. ಗಡುವಿನೊಳಗೆ ತಂಡದ ಹೆಸರುಗಳು ಹೋಗಲಿಲ್ಲ, ನಮ್ಮ ಹುಡುಗಿಯರಿಲ್ಲದೆಯೇ ವಿಶ್ವ ಪಂದ್ಯಾವಳಿ ಮುಗಿಯಿತು. ತಪ್ಪು ಕೋಚ್‌ದು ಎಂದು ನಿರ್ಣಯ ಮಂಡಿಸುತ್ತಿದ್ದವರು ಕಾರ್ಯದರ್ಶಿ.

ಬೆಳಿಗ್ಗೆ ಈ ಕೋಣೆಗೆ ಒಂಟಿಯಾಗಿ ಬಂದು ಹೋದವರು ಮೂವರು: ಅಧ್ಯಕ್ಷರು, ಕಾರ್ಯದರ್ಶಿ, ಕೋಚ್. ಪೆಟ್ಟಿಗೆಗೆ ಬೀಗವಿಲ್ಲ. ಕಂಡವರಿಲ್ಲ. ಕೇಳಿಸಿಕೊಂಡವನು ಒಬ್ಬನಿದ್ದ.

"ಪಕ್ಕದ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಮೇಜಿನ ಮೈಕ್ ಟೆಸ್ಟ್ ಮಾಡ್ತಿದ್ದೆ," ಎಂದ ಮೈಕಿನವನು. "ಪೆಟ್ಟಿಗೆ ಮುಚ್ಚಳ ಕಿರ್ ಅಂತು. ಆಮೇಲೆ ಯಾರೋ 'ಸರಿ ಮಾಡ್ತೀನಿ' ಅಂದ್ರು."

"ಗಂಡಸೋ ಹೆಂಗಸೋ?"

"ಪಿಸುಮಾತಿಗೆ ಗಂಡಸೇನು ಹೆಂಗಸೇನು ಅಮ್ಮಾ? ಬರೀ ಉಸಿರು."

"ಯಾರ ಜೊತೆ ಮಾತಾಡ್ತಿದ್ರು?"

"ಅದೇ ನಂಗೂ ವಿಚಿತ್ರ ಅನ್ನಿಸ್ತು. ಎದುರಿಗೆ ಯಾರೂ ಉತ್ತರ ಕೊಡಲಿಲ್ಲ."

ನಾನು ಕಿಟಕಿಯ ಕಡೆ ಬೆರಳು ತೋರಿಸಿದೆ. ಎದುರುಗೋಡೆಯ ಪೋಸ್ಟರಿನಲ್ಲಿ ಅಧ್ಯಕ್ಷರು ಕೈಮುಗಿದು ನಗುತ್ತಿದ್ದರು. ಕೆಳಗೆ ದಪ್ಪಕ್ಷರ: 'ಎಲ್ಲ ಸರಿ ಮಾಡ್ತೀನಿ!'

"ಮುಗೀತಲ್ಲ ಅತ್ತೆ. ಸಭೆ ನಡೆದ್ರೆ ಅವರು ಸೋಲ್ತಾರೆ, ನಡೀದಿದ್ರೆ ಕುರ್ಚಿ ಭದ್ರ."

"ಶ್ಶ್."

ಅತ್ತೆ ಪೆಟ್ಟಿಗೆಯಿಂದ ಮಣೆಯನ್ನೆತ್ತಿ ಮೇಜಿನ ಮೇಲಿಟ್ಟಳು. ಬೆರಳ ತುದಿಯಿಂದ ಒಂದು ಕುದುರೆಯನ್ನು ಸೊಟ್ಟಗೆ ಸರಿಸಿದಳು. ಒಬ್ಬೊಬ್ಬರನ್ನೇ ಕರೆಯಲು ಹೇಳಿದಳು.

ಅಧ್ಯಕ್ಷರು ಬಸ್ಸುಗಳ ಮಾಲೀಕರು. ಕುದುರೆ ಹೇಗೆ ನಡೆಯುತ್ತದೆ ಎಂಬುದು ಅವರಿಗೆ ಈಗಲೂ ಅನುಮಾನ. ಬಂದವರೇ ಮೊಬೈಲನ್ನು ಮಣೆಯ ಮೇಲೇ ಇಟ್ಟರು. ಎರಡು ಕಾಲಾಳು ಉರುಳಿದವು.

"ನನ್ನನ್ನ ಯಾಕೆ ಕೇಳ್ತೀರಿ? ನಾನು ಕದ್ದಿಲ್ಲ!"

"ಕದ್ರಿ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಹಾಗಾಯ್ತು."

"ನೋಡಿ ಅಮ್ಮಾ, ಒಂದು ಮರದ ತುಂಡಿಗೋಸ್ಕರ ಇಷ್ಟು ರಂಪ ಬೇಕಾ? ಸಭೆ ಮುಂದಕ್ಕೆ ಹಾಕಿ. ಎಲ್ಲ ಸರಿ ಮಾಡ್ತೀನಿ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಉರುಳಿದ ಕಾಲಾಳುಗಳನ್ನು ನಿಲ್ಲಿಸುತ್ತಿದ್ದಳು.

ಕೋಚ್ ಬಂದಳು. ಕಣ್ಣ ಕೆಳಗೆ ಕಪ್ಪು. ಕೂರುವ ಮೊದಲೇ ಅವಳ ಕಣ್ಣು ಸೊಟ್ಟ ಕುದುರೆಯ ಮೇಲೆ ಬಿತ್ತು. "ಅಡ್ಜಸ್ಟ್," ಎಂದು ಅದನ್ನು ನೇರ ಮಾಡಿ, ನಾಚಿ ನಕ್ಕಳು. "ಸಾರಿ ಮೇಡಂ. ಅಭ್ಯಾಸ."

"ಸಭೆ ನಿಂತ್ರೆ ನಿನಗೇ ಒಳ್ಳೇದಲ್ವಾ?"

"ನಿಂತ್ರೆ ಅನುಮಾನ ಹಾಗೇ ಉಳಿಯುತ್ತೆ. ಪಟ್ಟಿ ಕೊಟ್ಟಿದ್ದೆ ಅಂತ ಎಲ್ಲರ ಮುಂದೆ ಒಂದ್ಸಲ ಹೇಳ್ಬೇಕು ನಾನು. ಆ ಹುಡುಗಿಯರು ನನ್ನ ಜೊತೆ ಮಾತು ಬಿಟ್ಟಿದ್ದಾರೆ ಮೇಡಂ. ನಾನು ಮರೆತೆ ಅಂದ್ಕೊಂಡಿದ್ದಾರೆ. ನಿಷೇಧ ಆದ್ರೆ ಮಕ್ಕಳಿಗೆ ಕಲಿಸೋ ಹಾಗೂ ಇಲ್ಲ. ನಂಗೆ ಬೇರೆ ಏನೂ ಬರಲ್ಲ."

ಅವಳು ಹೋದ ಮೇಲೆ ಅತ್ತೆ ಕುದುರೆಯನ್ನು ಮತ್ತೆ ಸೊಟ್ಟ ಮಾಡಿದಳು.

ಕಾರ್ಯದರ್ಶಿ ಒಂದು ಕಾಲದ ಚಾಂಪಿಯನ್. ಬಲಗೈ ಕೋಟಿನ ಜೇಬಿನಲ್ಲಿಟ್ಟುಕೊಂಡೇ ಕೂತರು.

"ಯಾರ ಮೇಲೆ ಅನುಮಾನ?" ಎಂದಳು ಅತ್ತೆ.

"ಯಾರ ಮೇಲೂ ಇಲ್ಲ."

"ಕೋಚ್ ಮೇಲೆ?"

"ಛೇ! ಅವಳು ಅಂಥವಳಲ್ಲ."

"ಅಂಥವಳಲ್ಲದವಳನ್ನ ಜೀವಮಾನಪೂರ್ತಿ ಹೊರಗೆ ಹಾಕ್ತಿದ್ದೀರಲ್ಲ? ಆ ಹುಡುಗಿ ಗತಿ ಏನು?"

ಕಾರ್ಯದರ್ಶಿ ಮಣೆ ನೋಡುತ್ತ ಕೂತರು. "ಸರಿ ಮಾಡ್ತೀನಿ," ಎಂದರು ಮೆಲ್ಲಗೆ. ಎಡಗೈ ಚಾಚಿ ಕುದುರೆಯನ್ನು ನೇರ ಮಾಡಿದರು.

ಪಾಪ, ಮನಸ್ಸು ಕರಗಿದೆ ಎಂದುಕೊಂಡೆ ನಾನು.

"ಉಳಿದವರಿಬ್ಬರನ್ನೂ ಕರಿ," ಎಂದಳು ಅತ್ತೆ.

ಮೂವರೂ ಮೇಜಿನ ಸುತ್ತ ನಿಂತರು.

"ಕದ್ದವರು ಒಂದು ಮಾತು ಆಡಿದ್ರು. 'ಸರಿ ಮಾಡ್ತೀನಿ.' ಕೇಳಿದ್ರೆ ಯಾರಿಗಾದ್ರೂ ರಾಜಕೀಯ ಅನ್ನಿಸುತ್ತೆ. ನನ್ನ ಸೋದರಳಿಯನೂ ಪೋಸ್ಟರ್ ನೋಡಿ ಮೋಸ ಹೋದ. ಆದ್ರೆ ಖಾಲಿ ಕೋಣೆಯಲ್ಲಿ ಯಾರಿಗೆ ಭಾಷಣ ಮಾಡ್ತೀರಿ?" ಅತ್ತೆ ಅಧ್ಯಕ್ಷರ ಕಡೆ ತಿರುಗಿದಳು. "ಚದುರಂಗದಲ್ಲಿ ಮುಟ್ಟಿದ ಕಾಯನ್ನ ನಡೆಸಲೇಬೇಕು, ಗೊತ್ತಾ?"

"ಅಷ್ಟು ಗೊತ್ತಮ್ಮಾ."

"ನಡೆಸೋಕಲ್ಲ, ಬರೀ ನೇರ ಮಾಡೋಕೆ ಮುಟ್ಟೋದಾದ್ರೆ ಮೊದಲು ಹಾಗಂತ ಬಾಯಲ್ಲಿ ಹೇಳ್ಬೇಕು, ಆಮೇಲೆ ಕೈ. ಆಡೋರಿಗೆ ಅದು ಸೀನು ಬಂದ ಹಾಗೆ, ತಡೆಯೋಕಾಗಲ್ಲ. ನೀವು ಏನೂ ಹೇಳದೆ ಎರಡು ಕಾಲಾಳು ಬೀಳಿಸಿದ್ರಿ. ಕೋಚ್ 'ಅಡ್ಜಸ್ಟ್' ಅಂದ್ಳು, ಈಗಿನವರ ಮಾತು ಅದು. ನಮ್ಮ ಮೇಷ್ಟ್ರಿಗೆ ಪರಭಾಷೆಯ ಪದ ಕೇಳಿದ್ರೆ ಆಗ್ತಿರಲಿಲ್ಲ. ಶಿಷ್ಯರಿಗೆ 'ಸರಿ ಮಾಡ್ತೀನಿ' ಅಂತಲೇ ಕಲಿಸಿದ್ರು. ಆ ಶಿಷ್ಯರಲ್ಲಿ ಉಳಿದಿರೋದು ಇಬ್ಬರೇ. ಒಬ್ಬಳು ನಾನು."

ಅತ್ತೆ ಕುದುರೆಯ ಕಡೆ ಬೆರಳು ತೋರಿಸಿದಳು.

"ಇನ್ನೊಬ್ಬರು ಈಗ ತಾನೇ ಇದೇ ಕುದುರೆಗೆ ಅದೇ ಮಾತು ಹೇಳಿದ್ರು. ನನಗೆ ಉತ್ತರ ಕೊಟ್ಟದ್ದಲ್ಲ ಅದು. ಬಲಗೈಯವರು ಎಡಗೈ ಯಾಕೆ ಚಾಚಿದ್ರಿ ತಮ್ಮಾ? ಜೇಬಲ್ಲಿ ಏನಿದೆ?"

ಕಾರ್ಯದರ್ಶಿಯ ಬಲಗೈ ನಿಧಾನ ಹೊರಬಂತು. ಮುಷ್ಟಿ ಬಿಚ್ಚಿತು. ಬಿಳಿ ರಾಜ ಬೆವರಿನಿಂದ ಒದ್ದೆಯಾಗಿದ್ದ.

"ಪಟ್ಟಿ ನನ್ನ ಹತ್ರಾನೇ ಇತ್ತಕ್ಕಾ," ಎಂದರು. "ಅವತ್ತು ಗಡುವು. ಅವತ್ತೇ ಎರಡು ಬಣಗಳನ್ನ ಕೂರಿಸ್ಕೊಂಡು ರಾಜಿ ಮಾಡಿಸ್ತಿದ್ದೆ. ಯಾರಿಗೆ ಯಾವ ಕುರ್ಚಿ ಅಂತ. ಕುರ್ಚಿ ಜಗಳದಲ್ಲಿ ಹುಡುಗಿಯರು ಮರೆತೇ ಹೋದ್ರು."

"ಮತ್ತೆ ನಿರ್ಣಯ?"

"ಇವರು..." ಅಧ್ಯಕ್ಷರ ಕಡೆ ನೋಡಿದರು. "'ಯಾರಾದ್ರೂ ಒಬ್ಬರ ತಲೆ ಬೇಕು, ಅವಳದ್ದು ಹಗುರ' ಅಂದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನಾನು ಹೂಂ ಅಂದೆ. ಇವತ್ತು ಬೆಳಿಗ್ಗೆ ನಿರ್ಣಯ ಒಂದ್ಸಲ ಓದಿ ನೋಡೋಕೆ ಅಂತ ಇಲ್ಲಿ ಬಂದು ನಿಂತ್ರೆ, ನಾಲಿಗೆ ಹೊರಳಲಿಲ್ಲ. ಸಭೆಯೇ ಇಲ್ಲದಿದ್ರೆ ಓದೋದೂ ಬೇಡ, ಒಪ್ಕೊಳ್ಳೋದೂ ಬೇಡ ಅನ್ನಿಸ್ತು."

"ಗಡಿಯಾರ ನಿಲ್ಲಿಸಿದ್ರೆ ಆಟ ಮುಗಿಯಲ್ಲ ತಮ್ಮಾ," ಎಂದಳು ಅತ್ತೆ. ಗದರುವ ದನಿಯಲ್ಲ ಅದು.

"ಇದೆಲ್ಲ ಈ ಕೋಣೆಯಲ್ಲೇ ಇರಲಿ," ಎಂದರು ಅಧ್ಯಕ್ಷರು ಅವಸರದಲ್ಲಿ.

"ಇಲ್ಲ," ಎಂದರು ಕಾರ್ಯದರ್ಶಿ. "ನಿರ್ಣಯದ ಬದಲು ಇದನ್ನೇ ಹೇಳ್ತೀನಿ. ನೀವು ಹೇಳಿದ್ದನ್ನೂ."

ರಾಜನನ್ನು ಮೇಜಿನ ಮೇಲೆ ನಿಲ್ಲಿಸಲಿಲ್ಲ ಅವರು. ಅಡ್ಡ ಮಲಗಿಸಿದರು. ಆಡುವವರಲ್ಲಿ ಅದಕ್ಕೆ ಒಂದೇ ಅರ್ಥ: ಸೋತೆ.

ನಾನು ಬಾಗಿಲು ತೆರೆದೆ. ಪ್ರತಿನಿಧಿಗಳು ಗಲಗಲ ಎನ್ನುತ್ತ ಒಳಬಂದು, ಮಲಗಿದ ರಾಜನನ್ನು ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು. ಅತ್ತೆ 'ಶ್ಶ್' ಎನ್ನಬೇಕಾಗಲಿಲ್ಲ.

ಕೋಚ್ ಕಾರ್ಯದರ್ಶಿಯನ್ನು ನೋಡಿದಳು. ಅವರು ತಲೆಯೆತ್ತಲಿಲ್ಲ. ಅವಳು ಮುಂದೆ ಬಂದು ಮೇಜಿನತ್ತ ಬಾಗಿದಳು.

"ಸರಿ ಮಾಡ್ತೀನಿ," ಎಂದಳು.

ಆಮೇಲೆ ಕೈ ಚಾಚಿ, ರಾಜನನ್ನು ಎತ್ತಿ ನಿಲ್ಲಿಸಿದಳು.