ಶಿವಮಲ್ಲುವಿನ ಅಜ್ಜಿ

ಎದ್ದು ಹೋಗಬೇಡಿ, ಇದೊಂದನ್ನು ಕೇಳಿಬಿಟ್ಟು ಹೋಗಿ. ಎರಡು ಸಾವಿರದ ನಾಲ್ಕನೇ ಇಸವಿ. ಚಾಮರಾಜನಗರದ ಒಂದು ಎಂಬಿಎ ಕಾಲೇಜಿಗೆ ಮೊಟ್ಟಮೊದಲ ಸಲ ದೊಡ್ಡ ಫೈನಾನ್ಸ್ ಕನ್ಸಲ್ಟಿಂಗ್ ಕಂಪನಿ ಬಂದಿತ್ತು. ಅವರಿಗೆ ಬೇಕಾಗಿದ್ದು ಒಬ್ಬನೇ. ಟೆಸ್ಟು, ಗ್ರೂಪ್ ಡಿಸ್ಕಷನ್ ಎಲ್ಲ ದಾಟಿ ಉಳಿದವರು ಇಬ್ಬರು. ಸಂತೆಮರಹಳ್ಳಿ ಕಡೆಯ ಗುರುಸ್ವಾಮಿ, ಗುಂಡ್ಲುಪೇಟೆ ಕಡೆಯ ಶಿವಮಲ್ಲು. ಒಂದೇ ಹಾಸ್ಟೆಲ್, ಒಂದೇ ರೂಮು.

ಗುರುಸ್ವಾಮಿಯ ಹೊಟ್ಟೆ ಉರಿಯುತ್ತಿದ್ದದ್ದು ಡಿಸ್ಕಷನ್ನಿನ ವಿಚಾರಕ್ಕೆ. ಅರಿಸಿನವನ್ನು ಕೂಡಲೇ ಮಾರದೆ ಗೋದಾಮಿನಲ್ಲಿಟ್ಟರೆ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಹಿಂದಿನ ದಿನ ಬಟ್ಟೆ ಒಗೆಯುತ್ತಾ ಬಿಡಿಸಿ ಹೇಳಿದವನು ಅವನು. ಶಿವಮಲ್ಲು ಅದನ್ನೇ ಎಲ್ಲರಿಗಿಂತ ಮುಂಚೆ ಬಾರಿಸಿಬಿಟ್ಟ. ಕಂಪನಿಯವರು ತಲೆದೂಗಿದರು.

"ಏನ್ಲಾ, ನನ್ ಮಾತ್ನೇ ಹೊಡ್ಕೊಂಡ್ಯಲ್ಲ?"

"ನೀನ್ ಬಾಯೇ ಬುಡ್ಲಿಲ್ಲ, ಅದ್ಕೆ ನಾನ್ ಬುಟ್ಟೆ ಕಣ್ಲಾ," ಅಂತ ಶಿವಮಲ್ಲು ನಕ್ಕ.

ಆ ನಗು ಸಾಕಾಯಿತು.

ಶಿವಮಲ್ಲುವಿನ ಜೀವ ಇದ್ದದ್ದು ಅವನ ಅಜ್ಜಿ ದೊಡ್ಡಮಲ್ಲಮ್ಮನಲ್ಲಿ. ಅವನನ್ನು ಸಾಕಿದವಳೇ ಅವಳು. ಗುಂಡ್ಲುಪೇಟೆಯಿಂದಾಚೆ ಒಂದು ಹಳ್ಳಿ. ಊರಿಗೆಲ್ಲ ಅಂಗಡಿಯಲ್ಲೊಂದು ಫೋನು. ಅದೂ ಕೆಟ್ಟು ಕೂತಿದೆ ಅಂತ ಶಿವಮಲ್ಲುವೇ ಗೊಣಗುತ್ತಿದ್ದ. ಹಾಗಾದರೆ ಅಜ್ಜಿ ತೀರಿಕೊಂಡಳು ಅಂತ ಯಾರಾದರೂ ಸುದ್ದಿ ಮುಟ್ಟಿಸಿದರೆ, ಅದು ನಿಜವೋ ಸುಳ್ಳೋ ಅಂತ ತಿಳಿಯಲು ಬಸ್ಸು ಹತ್ತಿ ಹೋಗುವುದೊಂದೇ ದಾರಿ. ಹೋಗಿ, ನೋಡಿ, ಬೈದುಕೊಂಡು ವಾಪಸು ಬರುವಷ್ಟರಲ್ಲಿ ಕಂಪನಿಯವರ ಕಾರು ಮೈಸೂರು ಸೇರಿರುತ್ತದೆ. ಯಾವನೋ ಪೋಲಿ ಮಾಡಿದ ಕೆಲಸ ಅಂದುಕೊಳ್ಳುತ್ತಾರೆ. ರೂಮ್‌ಮೇಟಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಗುರುಸ್ವಾಮಿ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ. ಎಲ್ಲೂ ತೂತು ಕಾಣಲಿಲ್ಲ.

ಇಂಟರ್ವ್ಯೂ ದಿನ ಬೆಳಗ್ಗೆ ಹಾಲು ತರುವ ನೆಪದಲ್ಲಿ ಬಸ್‌ಸ್ಟ್ಯಾಂಡಿಗೆ ಹೋದ. ಕಾಯಿನ್ ಬಾಕ್ಸಿನಿಂದ ಹಾಸ್ಟೆಲಿಗೆ ಫೋನು ಹಚ್ಚಿದ. ಎತ್ತಿದವನು ಅಡುಗೆ ಸಿದ್ದಮಲ್ಲಪ್ಪ. ಗುರುಸ್ವಾಮಿ ಬಾಯಿಗೆ ಕರ್ಚೀಫು ಅಡ್ಡ ಹಿಡಿದು, "ಗುಂಡ್ಲುಪೇಟೆಯಿಂದ ಮಾತಾಡ್ತಾವ್ನಿ, ಶಿವಮಲ್ಲುಗೆ ಏಳಿ. ಅವ್ರಜ್ಜಿ ಓಗ್ಬುಟ್ರು, ಬ್ಯಾಗ ಬರ್ಬೇಕಂತೆ," ಅಂದು ಇಟ್ಟುಬಿಟ್ಟ. ಆ ಅಜ್ಜಿ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿಯನ್ನು ಹಿಂದಿನ ಸಂಜೆಯಷ್ಟೇ ತಿಂದಿದ್ದ.

ರೂಮಿಗೆ ಬಂದರೆ ಶಿವಮಲ್ಲು ಮಂಚದ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದ. ಇವನನ್ನು ಕಂಡು ಎದ್ದು, ಇಂಟರ್ವ್ಯೂಗೆಂದು ಇಸ್ತ್ರಿ ಮಾಡಿಟ್ಟಿದ್ದ ತನ್ನ ಟೈಯನ್ನು ಇವನ ಕುತ್ತಿಗೆಗೆ ಹಾಕಿದ.

"ನಿಂದು ಸುಕ್ಕಾಗದೆ, ಇದ್ನೇ ಕಟ್ಕೊ. ನೀನಾರ ಗೆದ್ಕೊಂಡ್ ಬಾ ಕಣ್ಲಾ."

ಹೇಳಿಬಿಡಲೇ? ಹಾಗಂದುಕೊಳ್ಳುತ್ತಲೇ ಗುರುಸ್ವಾಮಿ ಗೆಳೆಯನ ಚೀಲ ಹೊತ್ತು ಬಸ್‌ಸ್ಟ್ಯಾಂಡಿನ ತನಕ ಬಂದ. ಬಸ್ಸು ಹತ್ತುವ ಮುಂಚೆ ಶಿವಮಲ್ಲು ಸಂತೆಮರಹಳ್ಳಿಯಲ್ಲಿದ್ದ ತನ್ನ ಮಾವನಿಗೆ ಫೋನು ಮಾಡಿದ. ಮಾಡಲಿ, ಅಲ್ಲಿ ಕೂತವನಿಗೆ ಗುಂಡ್ಲುಪೇಟೆಯ ಸುದ್ದಿ ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತದೆ ಅಂದುಕೊಂಡ ಗುರುಸ್ವಾಮಿ.

ಕಾಲೇಜಿನಲ್ಲಿ ಶಿವಮಲ್ಲು ಯಾಕಿಲ್ಲ ಅಂತ ಕೇಳಿದವರಿಗೆ ತಾನೇ ಮುಖ ಇಳಿಸಿ ಹೇಳಿದ. ಬೆಂಚಿನ ಮೇಲೆ ಕೂತು ಉತ್ತರಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಾ ಶಿವಮಲ್ಲುವಿನ ಟೈಯ ಗಂಟನ್ನು ಎರಡು ಸಲ ಸಡಿಲಿಸಿದ. ಅಷ್ಟರಲ್ಲಿ ಗೇಟಿನೊಳಗೆ ಜೀಪೊಂದು ನುಗ್ಗಿತು. ಅದರ ತುಂಬ ನೆಂಟರು, ಹೆಂಗಸರ ಅಳು. ಮುಂದಿನ ಸೀಟಿನಿಂದ ಇಳಿದವನು ಗುರುಸ್ವಾಮಿಯ ಅಪ್ಪ ಪುಟ್ಟಮಲ್ಲಪ್ಪ.

"ಏಳ್ಲಾ ಮಗ, ಗುಂಡ್ಲುಪೇಟೆಗೆ ಓಗನ. ದೊಡ್ಡಮಲ್ಲತ್ತೆ ಓಗ್ಬುಟ್ಳಂತೆ."

"ಯಾವ್ ಅತ್ತೆ ಅಪ್ಪ?"

"ನಮ್ಮನೆ ಹೆಣ್ಮಗ್ಳು ಕಣ್ಲಾ! ನಾವ್ ಓಗ್ದೆ ಮಣ್ಣು ಮಾಡಂಗಿಲ್ಲ. ಹಿಡಿ ಇದ, ನೀನೇ ಹೊತ್ಕೊಂಡ್ ನಡಿಬೇಕು," ಅಂತ ಅಪ್ಪ ಹೊಸ ಸೀರೆಯ ಚೀಲವನ್ನು ಮಗನ ಕೈಗಿಟ್ಟ.

ಹಿಂದಿನಿಂದ ಅಟೆಂಡರ್ ಕೂಗಿದ: "ಗುರುಸ್ವಾಮಿ, ಒಳಕ್ ಬರ್ಬೇಕಂತೆ!"

ಅಜ್ಜಿ ಯಾವ ಊರಿಗೆ ಸೊಸೆಯಾಗಿ ಹೋದವಳು, ಆ ಊರಿನ ಫೋನು ಹೇಗಿದೆ ಎಲ್ಲ ವಿಚಾರಿಸಿದ್ದ ಗುರುಸ್ವಾಮಿ, ಅವಳು ಯಾವ ಮನೆಯಲ್ಲಿ ಹುಟ್ಟಿದವಳು ಅಂತ ಮಾತ್ರ ಕೇಳಿರಲಿಲ್ಲ. ಅವಳು ಅವನ ತಾತನ ದಾಯಾದಿ ತಂಗಿ. ಒಡಹುಟ್ಟಿದವರೆಲ್ಲ ತೀರಿಕೊಂಡಿದ್ದರಿಂದ ಅವಳ ಮೇಲೆ ಹೊದಿಸುವ ತವರಿನ ಸೀರೆ ಈಗ ಇವರ ಮನೆಯಿಂದಲೇ ಹೋಗಬೇಕು. ಸಾವಿನ ಸುದ್ದಿ ಎಲ್ಲರಿಗಿಂತ ಮುಂಚೆ ಮುಟ್ಟುವುದು ತವರಿಗೇ; ಶಿವಮಲ್ಲುವಿನ ಫೋನು ಬಂದ ಕೂಡಲೇ ಸಂತೆಮರಹಳ್ಳಿಯ ಆ ಮಾವ ಓಡಿ ಬಂದು ಹೇಳಿದ್ದೂ ಇವರ ಮನೆಗೇ. ಒಳಗೆ ಅವನಿಗಾಗಿ ಕುರ್ಚಿ ಖಾಲಿ ಇದೆ, ಹೊರಗೆ ಜೀಪಿನ ಇಂಜಿನ್ ಆರಿಲ್ಲ, ಅಪ್ಪ ಕಣ್ಣೊರೆಸಿಕೊಳ್ಳುತ್ತಾ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ. ಅವಳು ಸತ್ತಿಲ್ಲ ಅಪ್ಪ ಅಂದರೆ, ನಿಂಗ್ಯಾರ್ಲಾ ಹೇಳಿದ್ದು ಅಂತ ಕೇಳದೆ ಬಿಡುತ್ತಾನೆಯೇ? ಹೇಳಿ, ಆ ಸೀರೆಯ ಚೀಲ ನಿಮ್ಮ ಕೈಯಲ್ಲಿದ್ದಿದ್ದರೆ ನೀವೇನು ಮಾಡುತ್ತಿದ್ದಿರಿ?