ಅಪ್ಪನಿಗಿಂತ ದೊಡ್ಡ ಮಗ

ಯಾಕೊಮಿನಾ ತನ್ನ ಅಜ್ಜಿಗೆ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ.

ಅಜ್ಜಿ ಹಾಸಿಗೆ ಹಿಡಿದಿದ್ದಳು. ತೊಡೆಯ ಮೇಲೆ ದಪ್ಪ ರಟ್ಟಿನ ಬೈಬಲ್, ಅವಳ ಸತ್ಯವೇದ. ಮೊಮ್ಮಗಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಹೇಳಿದ್ದಳು:

"ಕುಡುಕನನ್ನಾದ್ರೂ ದೇವರು ತಿದ್ದಿಯಾನು. ಆದ್ರೆ ಈ ಪುಸ್ತಕದಲ್ಲಿ ತಪ್ಪಿದೆ ಅನ್ನೋನ ಕೈ ಮಾತ್ರ ಹಿಡೀಬೇಡ ಮಗಾ. ಮಾತು ಕೊಡು."

"ಕೊಟ್ಟೆ ಅಜ್ಜಿ. ಈಗ ಒಂದು ಪೆಪ್ಪರ್‌ಮಿಂಟ್ ಕೊಡ್ತೀಯಾ?"

ಅಜ್ಜಿ ಎರಡು ಕೊಟ್ಟಳು. ವಾರದೊಳಗೆ ತೀರಿಕೊಂಡಳು. ಪೆಪ್ಪರ್‌ಮಿಂಟ್ ಕರಗಿಹೋಯಿತು, ಮಾತು ಕರಗಲಿಲ್ಲ.

ಈಗ ಯಾಕೊಮಿನಾ ಥೋಲೆನ್ ದ್ವೀಪದ ತನ್ನ ಊರಿನ ಶಾಲೆಯಲ್ಲಿ ಟೀಚರ್. ಅಮ್ಮನ ಹೆಸರು ತನ್ನಾ. ಅಪ್ಪ ಮರೀನಸ್ ಈರುಳ್ಳಿ ಬೆಳೆಗಾರ, ಚರ್ಚಿನ ಸಭೆಯ ಹಿರಿಯ. ಆ ಗುರುವಾರ ಸಂಜೆ ಅವರೇ ಮಗಳ ಕೈಗೆ ಚರ್ಚಿನ ಬೀಗದ ಕೈ ಕೊಟ್ಟು, "ಆರ್ಗನ್ ಶ್ರುತಿ ಮಾಡೋನು ಉತ್ತರದ ಕಡೆಯಿಂದ ಬಂದಿದಾನೆ. ಕೆಲಸ ಮುಗಿದ ಮೇಲೆ ಬೀಗ ಹಾಕ್ಕೊಂಡು ಬಾ" ಎಂದಿದ್ದರು.

ಚರ್ಚಿನಲ್ಲಿ ಒಬ್ಬರೂ ಕಾಣಲಿಲ್ಲ. ಮೇಲಿನ ಅಟ್ಟದಲ್ಲಿ ಗೋಡೆಯೆತ್ತರಕ್ಕೆ ನಿಂತ ಕೊಳವೆಗಳ ಆರ್ಗನ್ನಿನ ಹೊಟ್ಟೆಯೊಳಗಿಂದ ಒಂದು ದನಿ ಮಾತ್ರ ಬಂತು.

"ಬಂದ್ರಾ? ಮೇಲೆ ಬನ್ನಿ. ಎಡಗಡೆಯ ಮೊದಲನೇ ಕೀ ಒತ್ತಿ ಹಿಡ್ಕೊಳ್ಳಿ."

"ಯಾರಿಗೆ ಹೇಳ್ತಿದ್ದೀರಿ?"

"ಯಾರಿದ್ದೀರೋ ಅವರಿಗೆ. ನನ್ನ ಜೊತೆಗಾರನಿಗೆ ಜ್ವರ. ಒಳಗಿನ ಕೊಳವೆ ತಿದ್ದೋದೂ ನಾನೇ, ಹೊರಗೆ ಕೀ ಒತ್ತೋದೂ ನಾನೇ ಅಂದ್ರೆ ಹೇಗೆ? ನಿಮ್ಮ ಕೈ ಖಾಲಿ ಇದೆ ತಾನೆ?"

"ಇಲ್ಲ. ತರಗತಿಯ ಎಲ್ಲರ ಕಾಪಿ ತಿದ್ದೋದಿದೆ."

"ನನಗೂ ಸಾವಿರ ಕೊಳವೆ ತಿದ್ದೋದಿದೆ. ಒತ್ತಿ."

ಅವಳು ಒತ್ತಿದಳು... ಸಿಟ್ಟಿನಿಂದಲೇ.

'ಎಂಥಾ ಗರ್ವ ಇವನಿಗೆ... ಆದರೆ ದನಿ ಯಾಕೆ ಇಷ್ಟು ಚೆನ್ನಾಗಿದೆ?'

"ಮುಂದಿನದು" ಎನ್ನುತ್ತಿತ್ತು ದನಿ. ಅವಳು ಮುಂದಿನದನ್ನು ಒತ್ತುತ್ತಿದ್ದಳು. ಮುಖ ಕಾಣದೆಯೇ ಸಂಜೆ ಕಳೆಯಿತು. ಕೊನೆಗೆ ಪಕ್ಕದ ಸಣ್ಣ ಬಾಗಿಲಿನಿಂದ ಒಬ್ಬ ಉದ್ದನೆಯ ಯುವಕ ಬಗ್ಗಿ ಹೊರಬಂದ. ಕೂದಲಲ್ಲಿ ಜೇಡರಬಲೆ, ರೆಪ್ಪೆಯ ಮೇಲೆ ಧೂಳು.

"ಕಾಪಿ ತಿದ್ದೋ ಟೀಚರಾ ನೀವು? ಮೊದ್ಲೇ ಹೊಳೆದಿದ್ರೆ ಸ್ವಲ್ಪ ಮರ್ಯಾದೆಯಿಂದ ಮಾತಾಡ್ತಿದ್ದೆ."

"ಈಗ ತಡ ಆಯ್ತು" ಎಂದಳು ಯಾಕೊಮಿನಾ. ತನಗೇ ಗೊತ್ತಿಲ್ಲದೆ ಕೈ ಎತ್ತಿ ಅವನ ಕೂದಲಿನ ಜೇಡರಬಲೆ ತೆಗೆದಳು. ಆಮೇಲೆ ಇಬ್ಬರೂ ಕೆಂಪಾದರು.

ಅವನ ಹೆಸರು ವೆಸೆಲ್. ಶ್ರುತಿ ತಪ್ಪಿದ್ದು ಯಾವುದೇ ಇರಲಿ, ಕಂಡರೆ ಅವನ ಕೈ ಸುಮ್ಮನಿರದು. ವಾಲಿದ ಚಿತ್ರಪಟವನ್ನು ನೇರ ಮಾಡುವನು. ಅವಳ ಸೈಕಲ್ಲಿನ ಗೊಗ್ಗರು ಗಂಟೆಯನ್ನೂ ಬಿಡಲಿಲ್ಲ. ಜೊತೆಗಾರನ ಜ್ವರ ಬೇಗನೇ ಇಳಿದಿತ್ತು. ವೆಸೆಲ್ ಅವನನ್ನು ಇನ್ನೊಂದು ಊರಿನ ಕೆಲಸಕ್ಕೆ ಅಟ್ಟಿದ್ದ. ಗೊತ್ತಾದ ಮೇಲೂ ಯಾಕೊಮಿನಾ ಏನೂ ಕೇಳಲಿಲ್ಲ. ಪ್ರತಿ ಸಂಜೆ ಹೋಗಿ ಕೀ ಒತ್ತಿದಳು.

'ನೀವು' ಹೋಗಿ 'ನೀನು' ಬಂತು. ಅಜ್ಜಿಯ ಮಾತು ನೆನಪಿಟ್ಟುಕೊಂಡು ಒಂದು ದಿನ ಅವಳು ಕೇಳಿಯೂ ಬಿಟ್ಟಳು: "ಸತ್ಯವೇದವನ್ನ ಎಲ್ಲಿವರೆಗೆ ನಂಬ್ತೀಯಾ?"

"ಮೊದಲನೇ ಪುಟದಿಂದ ಕೊನೇ ಪುಟದವರೆಗೆ" ಎಂದಿತು ಕೊಳವೆಗಳ ಒಳಗಿನ ದನಿ.

ಅವಳು ಅಂದೇ ಅವನನ್ನು ಮನೆಗೆ ಊಟಕ್ಕೆ ಕರೆದಳು.

ಆ ಮನೆಯಲ್ಲಿ ರಾತ್ರಿಯೂಟ ಮುಗಿದ ಮೇಲೆ ಒಂದು ಅಧ್ಯಾಯ ಓದುವ ರೂಢಿ. ಸಾಲಾಗಿ ಓದಬೇಕು, ಹಾರಿಸುವಂತಿಲ್ಲ. ಯುದ್ಧವೇ ಬರಲಿ, ಬಾಯಿ ತಿರುಗದ ಹೆಸರುಗಳ ಪಟ್ಟಿಯೇ ಬರಲಿ. ಓದು ಮುಗಿದೊಡನೆ ಮರೀನಸ್ ಯಾರಾದರೊಬ್ಬರ ಕಡೆ ನೋಡಿ, "ಕೊನೇ ಪದ ಯಾವುದು?" ಎಂದು ಕೇಳುವರು. ತೂಕಡಿಸಿದವರು ಸಿಕ್ಕಿಬೀಳುವರು.

ಆಲೂಗಡ್ಡೆ, ಬೀಟ್‌ರೂಟ್, ಮಾಂಸದುಂಡೆ ಮುಗಿದು ಕಸ್ಟರ್ಡ್ ಬಟ್ಟಲು ಖಾಲಿಯಾದ ಮೇಲೆ ಮರೀನಸ್ ಪುಸ್ತಕವನ್ನು ಅತಿಥಿಯ ಕಡೆ ಸರಿಸಿದರು. ಅದು ದೊಡ್ಡ ಗೌರವ. ಯಾಕೊಮಿನಾಳ ಎದೆ ಹಿಗ್ಗಿತು.

ಅಂದಿನ ಸರದಿ ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ್ದು. ವೆಸೆಲ್ ತುಂಬು ದನಿಯಲ್ಲಿ ಓದಿದ. ಎರಡನೆಯ ವಚನ ಬಂತು.

"ಅಹಜ್ಯನು ಅರಸನಾದಾಗ... ಇಪ್ಪತ್ತೆರಡು ವರ್ಷದವನಾಗಿದ್ದನು..."

ಅಮ್ಮ ತನ್ನಾ ಪೇರಿಸುತ್ತಿದ್ದ ಬಟ್ಟಲುಗಳು ಸದ್ದು ನಿಲ್ಲಿಸಿದವು.

ಪುಸ್ತಕದಲ್ಲಿ ಇದ್ದದ್ದು ನಲವತ್ತೆರಡು! ಆ ಮೇಜಿನ ಸುತ್ತ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅಹಜ್ಯ ಅರಸನಾದದ್ದು ಅಪ್ಪ ಸತ್ತ ಮೇಲೆ; ಆ ಅಪ್ಪ ಸತ್ತದ್ದು ನಲವತ್ತನೇ ವಯಸ್ಸಿನಲ್ಲಿ ಎಂದು ಹಿಂದಿನ ಅಧ್ಯಾಯವೇ ಹೇಳುತ್ತದೆ. ಅದೇ ಸತ್ಯವೇದದ ಅರಸುಗಳ ಪುಸ್ತಕದಲ್ಲಿ ಮಗನ ವಯಸ್ಸು ಇಪ್ಪತ್ತೆರಡು. ಸಾಲು ಕಣ್ಣಿಗೆ ಬಿದ್ದ ಆ ಒಂದು ಗಳಿಗೆಯಲ್ಲಿ ವೆಸೆಲ್ಲನ ಕಿವಿ ಬಿಸಿಯಾಗಿತ್ತು. ಮೊದಲ ಸಲ ಬಂದ ಮನೆ, ಹಿರಿಯರ ಮುಂದೆ, ಅಪ್ಪನಿಗಿಂತ ದೊಡ್ಡ ಮಗ... ಕೊಳವೆ ತಿದ್ದುವ ಕೈಯಂತೆ ಅವನ ನಾಲಿಗೆ ತಾನಾಗಿ ತಿದ್ದಿಬಿಟ್ಟಿತ್ತು.

ಅಂದು ಮರೀನಸ್ ಕೊನೆಯ ಪದ ಕೇಳಲಿಲ್ಲ.

ಅಂಗಳದಲ್ಲಿ ಅವನ ಕಾರಿನ ಪಕ್ಕ ನಿಂತು ಯಾಕೊಮಿನಾ ಕೇಳಿದಳು: "ಅಲ್ಲಿ ಏನು ಬರೆದಿತ್ತು?"

"ನಲವತ್ತೆರಡು."

"ನೀನೇನು ಓದಿದೆ?"

"ನಿಮ್ಮಪ್ಪನಿಗೆ ಮುಜುಗರ ಆಗ್ಬಾರ್ದು ಅಂತ..."

"ನಮ್ಮಪ್ಪ ಅದನ್ನ ಎಷ್ಟೋ ಸಲ ಓದಿದಾರೆ. ಒಂದು ಸಲಾನೂ ಮುಜುಗರ ಆಗಿಲ್ಲ. ನಮ್ಮ ಪುಸ್ತಕಕ್ಕೆ ನಿನ್ನ ರಿಪೇರಿ ಬೇಕಾಗಿಲ್ಲ. ನಿಜ ಹೇಳು, ಅದರಲ್ಲಿ ತಪ್ಪಿದೆ ಅಂತೀಯಾ?"

ವೆಸೆಲ್ ಬಾಯಿ ತೆರೆದ. ಮತ್ತೆ ಮುಚ್ಚಿದ. ನೆಲ ನೋಡಿದ.

ಅವಳು ಆ ಮೌನವನ್ನೇ ಉತ್ತರವೆಂದುಕೊಂಡಳು.

"ಹೊರಡು ವೆಸೆಲ್. ನಾನು ಒಬ್ರಿಗೆ ಮಾತು ಕೊಟ್ಟಿದೀನಿ."

ಅವನು ಹೊರಟ.

ಆಮೇಲಿನ ಭಾನುವಾರಗಳಲ್ಲಿ ಆರ್ಗನ್ ಎಂದೂ ನುಡಿಯದಷ್ಟು ಚೆನ್ನಾಗಿ ನುಡಿಯಿತು. ಅದೇ ಅವಳಿಗೆ ದೊಡ್ಡ ಕಿರಿಕಿರಿ. 'ಒಂದು ಸ್ವರವಾದರೂ ಕೆಟ್ಟಿರಬಾರದಿತ್ತೇ... ಮತ್ತೆ ಕರೆಸಲು ಒಂದು ನೆಪ...'

ಈರುಳ್ಳಿ ಕೊಟ್ಟಿಗೆಯಲ್ಲಿ ಅಪ್ಪನ ಜೊತೆ ಕೊಳೆತದ್ದನ್ನು ಆರಿಸುತ್ತಿದ್ದಾಗ ಅವಳ ಕಣ್ಣು ತುಂಬಿತು.

"ಈರುಳ್ಳಿಗಾ?" ಎಂದರು ಮರೀನಸ್.

"ಹೂಂ."

"ಇನ್ನೂ ಒಂದೂ ಒಡೆದಿಲ್ವಲ್ಲ."

ಅವಳು ಮೂಗೊರೆಸಿಕೊಂಡಳು.

"ನಿಮ್ಮಮ್ಮನ ಮನೇಲಿ ಮೊದಲನೇ ಸಲ ಓದೋಕೆ ಕೊಟ್ಟಾಗ ನಾನು ಅರ್ಧ ವಂಶಾವಳಿ ಹಾರಿಸಿದ್ದೆ" ಎಂದರು ಮರೀನಸ್. "ಹೆದರಿಕೆಗೆ ನಾಲಿಗೆ ಏಳಲಿಲ್ಲ. ನಿಮ್ಮಜ್ಜಿ ಹಿಡಿದಳು. ಮೊದಲಿಂದ ಓದಿಸಿದಳು. ಕಾಫಿ ತಣ್ಣಗಾಗೋಯ್ತು."

"ನೀನು ಹಾರಿಸಿದೆ ಅಷ್ಟೇ ಅಪ್ಪ. ಅವನು ತಪ್ಪಿದೆ ಅಂದ."

"ಅಂದನಾ?"

"...ಸುಮ್ನಿದ್ದ."

"ಅವನು ಬರೆದಿಲ್ಲದ್ದನ್ನ ಓದಿದ. ನೀನು ಹೇಳಿಲ್ಲದ್ದನ್ನ ಕೇಳಿಸ್ಕೊಂಡೆ. ಸರಿಹೋಯ್ತು ಜೋಡಿ." ಮರೀನಸ್ ಮತ್ತೆ ಈರುಳ್ಳಿಗೆ ಬಗ್ಗಿದರು.

ಯಾಕೊಮಿನಾ ಕೈ ತೊಳೆಯದೆಯೇ ಫೋನ್ ಮಾಡಿದಳು.

"ವೆಸೆಲ್, ಆವತ್ತು ಸುಮ್ನೆ ನಿಂತಿದ್ಯಲ್ಲ... ಏನು ಯೋಚಿಸ್ತಿದ್ದೆ?"

"ಫೋನಲ್ಲಿ ಹೇಳೋ ಮಾತಲ್ಲ. ಬರ್ತೀನಿ."

"ದಾರಿ ಎಷ್ಟು ದೂರ ಗೊತ್ತಾ?"

"ಕಾರ್ ಸ್ಟಾರ್ಟ್ ಮಾಡಿ ಆಯ್ತು."

ಅವನು ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಬಾಗಿಲಲ್ಲೇ ನಿಂತು, ಟೋಪಿ ಹಿಂಡುತ್ತಾ ಹೇಳಿದ: "ಹಿರಿಯರೇ, ಆ ಅಧ್ಯಾಯ ಇನ್ನೊಂದು ಸಲ ಓದ್ತೀನಿ. ಇದ್ದ ಹಾಗೇ."

"ಈ ಮನೇಲಿ ಹಿಂದಕ್ಕೆ ಓದಲ್ಲಪ್ಪ" ಎಂದರು ಮರೀನಸ್. "ಅದು ಮತ್ತೆ ಬರೋದು ಮೂರು ವರ್ಷ ಕಳೆದ ಮೇಲೆ."

"ಹಾಗಾದ್ರೆ ಮೂರು ವರ್ಷ ಕಾಯ್ತೀನಿ."

"ಬಾಗಿಲಲ್ಲೇ ನಿಂತ್ಕೊಂಡಾ?" ಎಂದಳು ತನ್ನಾ. "ಗಾಳಿ ಬರುತ್ತೆ, ಬಾಗಿಲು ಹಾಕು. ಆಲೂಗಡ್ಡೆ ಆರೋಗುತ್ತೆ, ಕೂತ್ಕೋ."

ಊಟವಾದ ಮೇಲೆ ಅವರಿಬ್ಬರೂ ಸಮುದ್ರದ ಒಡ್ಡಿನ ಮೇಲೆ ನಡೆದರು. ಬಿಸಿಲು ಇನ್ನೂ ಇತ್ತು. ಇಳಿಜಾರಿನಲ್ಲಿ ಕುರಿಗಳು ಮೇಯುತ್ತಿದ್ದವು.

"ಈಗ ಹೇಳು" ಎಂದಳು ಅವಳು.

"ಆವತ್ತು ಏನು ಹೇಳ್ಬೇಕು ಅಂತ ನನಗೇ ಗೊತ್ತಿರ್ಲಿಲ್ಲ ಮಿನಾ. ಊರಿಗೆ ಹೋಗಿ ಪಾದ್ರಿಯವರನ್ನ ಕೇಳಿದೆ. ಮೂರು ವಿವರಣೆ ಕೊಟ್ರು. ಒಂದೂ ನನ್ನ ಕಿವಿಗೆ ಒಪ್ಪಲಿಲ್ಲ."

ಅವಳು ನಡೆಯುವುದನ್ನು ನಿಲ್ಲಿಸಿದಳು.

"ಆದ್ರೆ ದೇವರ ಮಾತು ಸುಳ್ಳಾಗಲ್ಲ. ಅದನ್ನ ಆವತ್ತೂ ನಂಬಿದ್ದೆ, ಈಗಲೂ ನಂಬ್ತೀನಿ. ಅದರಲ್ಲಿ ತಪ್ಪಿಲ್ಲ. ನನಗೆ ಆ ಸಾಲು ಅರ್ಥ ಆಗಿಲ್ಲ, ಅಷ್ಟೇ. ಅರ್ಥ ಆಗದ್ದಕ್ಕೆ ಕೈ ಹಾಕಿದ್ದು ನನ್ನ ತಪ್ಪು."

"ನನ್ನ ಒಪ್ಪಿಸೋಕೆ ಹೀಗೆ ಹೇಳ್ತಿಲ್ಲ ತಾನೆ?"

"ಒಪ್ಪಿಸೋಕಾಗಿದ್ರೆ ಪೂರ್ತಿ ಅರ್ಥ ಆಯ್ತು ಅಂತಿದ್ದೆ."

ಅವಳಿಗೆ ನಗು ಬಂತು. ಜೊತೆಗೇ ಅಳುವೂ.

"ನನಗೂ ಅರ್ಥ ಆಗಿಲ್ಲ ವೆಸೆಲ್. ಚಿಕ್ಕೋಳಾಗಿದ್ದಾಗಿಂದ ಆ ಅಧ್ಯಾಯ ಬಂದಾಗೆಲ್ಲ ಬೆರಳಲ್ಲಿ ಲೆಕ್ಕ ಹಾಕ್ತೀನಿ. ಲೆಕ್ಕ ಕೂಡಲ್ಲ. ಆದ್ರೂ ಆಮೆನ್ ಅಂತೀನಿ, ಮನಸಾರೆ."

"ಮತ್ತೆ ನನ್ನ ಯಾಕೆ ಓಡಿಸಿದೆ?"

"ತಿದ್ದಿದ್ದಕ್ಕೆ. ನಾಳೆ ನನ್ನನ್ನೂ ತಿದ್ದೋಕೆ ಕೂತ್ರೆ?"

"ನಿನ್ನಲ್ಲಿ ತಿದ್ದೋಕೆ ಏನಿದೆ?"

"ಸುಳ್ಳು ಹೇಳ್ಬೇಡ."

ವೆಸೆಲ್ ಅವಳ ಕೈ ಹಿಡಿದುಕೊಂಡ. ಅದರಲ್ಲಿ ಇನ್ನೂ ಈರುಳ್ಳಿಯ ವಾಸನೆಯಿತ್ತು.

"ಸರಿ, ಸ್ವಲ್ಪ ಇದೆ. ಇದ್ದ ಹಾಗೇ ಓದ್ಕೋತೀನಿ. ಸಾಕಾ?"

"ಸಾಕು" ಎಂದಳು ಯಾಕೊಮಿನಾ.

ಮೇ ತಿಂಗಳಲ್ಲಿ ಅವರ ಮದುವೆಯಾಯಿತು. ಅಜ್ಜಿಗೆ ಕೊಟ್ಟ ಮಾತು ಉಳಿಯಿತು.